ಕೆಳಗಿನ ಮೂಗು

ಸಮುದ್ರದ ಮೇಲೆ ಯಾರು ಏನು ಹೊರಿಸಿದರೂ ಅದು ಮನೆ ಬಾಗಿಲಿಗೆ ಬಂದು ಜಗಳ ಆಡುವುದಿಲ್ಲ. ಆ ಧೈರ್ಯದ ಮೇಲೆಯೇ ಸೊಸೆ ಅದರ ತಲೆಗೆ ಒಂದು ದೊಡ್ಡ ಗುಣವನ್ನು ಕಟ್ಟಿದಳು. ಈ ಸಮುದ್ರ ಕೊಡುಗೈ ದೊರೆ, ಮಧ್ಯಾಹ್ನವಾದರೆ ಸಾಕು, ಗಾಳಿಗೆ ಅಸಿಟೋನ್ ಕೊಡುತ್ತದೆ ಎಂದು ನಾಲ್ಕು ಜನ ದೊಡ್ಡವರ ಮುಂದೆ ಹೇಳಿಬಿಟ್ಟಳು. ಕಚೇರಿಯಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದರು, ಹೆಸರಿನ ಹಿಂದೆ ಡಾಕ್ಟರೇಟೂ ಇತ್ತು. ಆದರೆ ಈ ಕತೆಯಲ್ಲಿ ಕೊನೆಯವರೆಗೂ ಅತ್ತೆಯದೇ ಮೇಲುಗೈ ಆದ್ದರಿಂದ ನಮಗೆ ಅವಳು ಸೊಸೆಯೇ.

ಅಸಿಟೋನ್ ಎಂದರೆ ಗಾಬರಿಯಾಗುವಂಥದ್ದೇನಲ್ಲ. ಉಗುರಿನ ಬಣ್ಣ ಅಳಿಸುವ ಬಾಟಲಿಯ ಮುಚ್ಚಳ ತೆಗೆದರೆ ಮೂಗಿಗೆ ಅಡರುತ್ತದಲ್ಲ, ಅದೇ. ಗಿಡಮರಗಳು, ಹೊಗೆ, ಕಾಡಿನ ಬೆಂಕಿ ಎಲ್ಲವೂ ಅದನ್ನು ಗಾಳಿಗೆ ಸೇರಿಸುತ್ತವೆ. ಆದರೂ ಸಮುದ್ರದ ಮೇಲಿನ ಗಾಳಿಯಲ್ಲಿ ಅದು ಇರುವುದು ನೂರು ಕೋಟಿ ಪಾಲಿಗೆ ಒಂದು ಪಾಲೋ ಅರ್ಧ ಪಾಲೋ. ಇಷ್ಟು ಚೂರಿಗಾಗಿ ಬಲ್ಲವರು ಹೊಡೆದಾಡುತ್ತಾರೆ: ಸಮುದ್ರ ಅದನ್ನು ಗಾಳಿಗೆ ಬಿಡುತ್ತದೋ, ಗಾಳಿಯಿಂದ ಹೀರಿಕೊಳ್ಳುತ್ತದೋ? ಒಂದೊಂದು ಕಡೆ ಒಂದೊಂದು ಥರ, ಒಂದೊಂದು ಕಾಲಕ್ಕೆ ಒಂದೊಂದು ಥರ. ಮನೆಗಳಲ್ಲಿ ಯಾರು ಯಾರಿಗಾಗಿ ಎಷ್ಟು ಸವೆದರು ಎಂಬ ಲೆಕ್ಕ ಹೇಗೆ ಮುಗಿಯುವುದಿಲ್ಲವೋ ಇದೂ ಹಾಗೆಯೇ.

ಆ ಲೆಕ್ಕ ಬಗೆಹರಿಸಲೆಂದೇ ಹಳೆಯ ಜೆಟ್ಟಿಯ ತುದಿಯಲ್ಲಿ ತಗಡಿನ ಕೋಣೆಯೊಂದನ್ನು ಕಟ್ಟಿಸಿ, ಒಳಗೆ ಯಂತ್ರ ಇಟ್ಟು, ಸೊಸೆಯನ್ನು ಕೂರಿಸಿದ್ದರು. ಯಂತ್ರಕ್ಕೆ ಎರಡು ಮೂಗು. ಒಂದು ಕೊಳವೆ ಕಂಬದ ತುದಿಗೆ ಹೋಗಿ ಎತ್ತರದ ಗಾಳಿಯನ್ನು ಎಳೆಯುತ್ತಿತ್ತು. ಇನ್ನೊಂದು ಕೊಳವೆ ಕೋಣೆಯ ಹಿಂದೆ, ದೋಣಿ ಹತ್ತಲು ಹಿಂದೆ ಬಳಸುತ್ತಿದ್ದ ಕಲ್ಲಿನ ಮೆಟ್ಟಿಲುಗಳ ಪಕ್ಕ ಇಳಿದು, ನೀರಿಗೆ ಹತ್ತಿರವಾಗಿ ಒಂದು ಕಂಬಿಗೆ ಕಟ್ಟಿಸಿಕೊಂಡಿತ್ತು. ಹನಿ ಒಳಗೆ ಹೋಗದಂತೆ ಅದರ ಬಾಯಿಗೊಂದು ಬಿಳಿಯ ಆಲಿಕೆ. ಕೆಳಗಿನ ಮೂಗಿಗೆ ಹೆಚ್ಚು ಸಿಕ್ಕಿದರೆ ಸಮುದ್ರ ಕೊಡುತ್ತಿದೆ ಎಂದರ್ಥ, ಮೇಲಿನ ಮೂಗಿಗೆ ಹೆಚ್ಚು ಸಿಕ್ಕಿದರೆ ಸಮುದ್ರ ತೆಗೆದುಕೊಳ್ಳುತ್ತಿದೆ ಎಂದರ್ಥ. ಮನುಷ್ಯರ ಉಸಿರು ಹತ್ತಿರ ಸುಳಿದರೆ ಹಿಡಿದುಕೊಡಲು ಇಂಗಾಲದ ಡೈಆಕ್ಸೈಡ್ ಅಳೆಯುವ ಇನ್ನೊಂದು ಪೆಟ್ಟಿಗೆಯೂ ಇತ್ತು. ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಸಾಕ್ಷಿ ಹೇಳಬೇಕಾದವರು ಬೇಕಾದ ಹೊತ್ತಿಗೆ ಊರಲ್ಲಿರುವುದಿಲ್ಲ.

ಮೊದಲ ವರ್ಷವಿಡೀ ಸಮುದ್ರ ತೆಗೆದುಕೊಂಡಿತು. ದಿನವೂ ತೆಗೆದುಕೊಂಡಿತು. ಇಂಥ ಸುದ್ದಿ ಯಾರಿಗೂ ಬೇಡ. ಆ ಕಡೆಯ ನೀರೆಲ್ಲ ಹಾಗೆಯೇ ಎಂದು ಹತ್ತು ಜನ ಆಗಲೇ ಹೇಳಿ ಮುಗಿಸಿದ್ದರು. ಹೊಸದೇನೂ ಸಿಗದಿದ್ದರೆ ವರ್ಷದ ಕೊನೆಗೆ ಕೇಂದ್ರ ಮುಚ್ಚುತ್ತೇವೆ, ನೀವು ಮುಖ್ಯ ಕಚೇರಿಗೆ ಬಂದು ಬೇರೆಯವರ ವರದಿಗಳ ಕಾಗುಣಿತ ತಿದ್ದುತ್ತಾ ಕೂರಬಹುದು ಎಂದು ನಿರ್ದೇಶಕರು ನಗುನಗುತ್ತಲೇ ಹೇಳಿದ್ದರು. ಆ ನಗು ನೆನಪಾದಾಗೆಲ್ಲ ಸೊಸೆ ಪರದೆಯ ಮುಂದೆ ಇನ್ನೊಂದು ಗಂಟೆ ಹೆಚ್ಚು ಕೂರುತ್ತಿದ್ದಳು. ಆ ಕೋಣೆ, ಆ ಪಂಪಿನ ಗಡಗಡ, ಪರದೆಯ ಮೇಲೆ ಹರಿಯುವ ಎರಡು ಗೆರೆ, ಅವಳಿಗೆ ಅದೇ ತವರುಮನೆ ಆಗಿತ್ತು.

ಗಂಡನ ಮನೆ ಇದ್ದದ್ದು ಜೆಟ್ಟಿಯ ಬುಡದಲ್ಲಿ, ಬಂದರಿನವರು ಕೊಟ್ಟ ಕ್ವಾರ್ಟರ್ಸಿನಲ್ಲಿ. ಗಂಡ ಬಂದರು ಕಚೇರಿಯಲ್ಲಿ ನಕ್ಷೆ ಬರೆಯುವವನು. ಕಾಗದದ ಮೇಲೆ ಗೆರೆ ಎಳೆದರೆ ಕೂದಲಷ್ಟೂ ಅಲುಗದು. ಮನೆಯಲ್ಲಿ ಹೆಂಡತಿಗೂ ತಾಯಿಗೂ ನಡುವೆ ಗೆರೆ ಎಳೆ ಎಂದರೆ ಮಾತ್ರ ಅವನು ಪೆನ್ಸಿಲು ಹೆರೆಯಲು ಕೂರುತ್ತಿದ್ದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗೂ ಅವನಿಗೂ ವ್ಯತ್ಯಾಸವೆಂದರೆ ಅಡಿಕೆ ಸದ್ದು ಮಾಡುತ್ತದೆ.

ಅತ್ತೆ ಬಂದು ಸೇರಿದ್ದು ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದು, ದಿನವೂ ಇಂಜೆಕ್ಷನ್ ಬೇಕು ಎಂದು ವೈದ್ಯರು ಹೇಳಿದ ಮೇಲೆ. ಸೂಜಿ ಹಾಕುವ ಕೆಲಸವನ್ನು ಸೊಸೆಯೇ ವಹಿಸಿಕೊಂಡಳು. ಅವಳ ಕೈ ಸ್ಥಿರ, ಅಳತೆ ಕರಾರುವಾಕ್ಕು. ಮನಸ್ಸು ಮಾತ್ರ ಆ ಹೊತ್ತಿಗಾಗಲೇ ಜೆಟ್ಟಿಯ ತುದಿ ಸೇರಿರುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಕನ್ನಡಕ ಹುಡುಕುತ್ತಾ, ಶಾಲು ಸರಿಪಡಿಸುತ್ತಾ, ನೆರೆಮನೆಯ ಸುದ್ದಿ ಶುರು ಮಾಡಿದಾಗ ಇವಳ ತಾಳ್ಮೆ ತಪ್ಪಿತು.

"ಅತ್ತೆ, ಬೇಗ ಕೈ ಕೊಡಿ. ನಿಮ್ಮ ಸೂಜಿಗೆ ಕಾಯ್ತಾ ಕೂತ್ರೆ ನನ್ನ ಯಂತ್ರ ಕಾಯಲ್ಲ."

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಹೋಗಮ್ಮಾ, ಹೋಗು. ಯಂತ್ರಕ್ಕೆ ಬೇಜಾರಾದೀತು. ನಾನೇ ಚುಚ್ಕೋತೀನಿ, ನಂಗೇನು ಕೈಯಿಲ್ವಾ?"

ಅಂದಿನಿಂದ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ ತಾವೇ ಚುಚ್ಚಿಕೊಳ್ಳತೊಡಗಿದರು. ಬುಟ್ಟಿಯಲ್ಲಿ ಖಾಲಿ ಸಿರಿಂಜು ಬಿದ್ದಿರುತ್ತಿತ್ತು, ಇವಳು ಅದನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಒಳಗಿನ ಔಷಧ ಮೈಗೆ ಹೋಯಿತೋ ಬಚ್ಚಲಿಗೆ ಹೋಯಿತೋ ಎಂದು ಖಾಲಿ ಸಿರಿಂಜು ಹೇಳುವುದಿಲ್ಲ. ಮನಸ್ಸು ಚೆನ್ನಾಗಿದ್ದ ದಿನ ಮೈಗೆ ಹೋಗುತ್ತಿತ್ತು. ಸೊಸೆ ಮುಖ ಗಂಟಿಕ್ಕಿಕೊಂಡು ಹೋದ ದಿನ ಬಚ್ಚಲಿಗೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಸೊಸೆ ಮೇಲಿನ ಕೋಪ ತನ್ನ ಮೈಮೇಲೆ ಎಂಬ ಗಾದೆಯನ್ನು ಯಾರೂ ಕಟ್ಟಲಿಲ್ಲ, ಬಹುಶಃ ಕಟ್ಟುವಷ್ಟು ದಿನ ಅಂಥವರು ಬದುಕುವುದಿಲ್ಲ.

ಇಬ್ಬರ ನಡುವೆ ಮಾತು ಸವೆಯುತ್ತಾ ಬಂದು ಕೊನೆಗೆ ಗಂಡನ ಮೂಲಕವೇ ನಡೆಯುವಂತಾಯಿತು. "ಹೇಳಪ್ಪಾ ನಿನ್ನ ಹೆಂಡ್ತಿಗೆ, ಗ್ಯಾಸ್ ಮುಗಿದಿದೆ" ಎಂದು ಅತ್ತೆ. "ನಿಮ್ಮಮ್ಮಂಗೆ ಹೇಳಿ, ಬುಕ್ ಮಾಡಿದೀನಿ" ಎಂದು ಸೊಸೆ. ಮೂವರೂ ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತಿರುವಾಗಲೇ.

ಮಧ್ಯಾಹ್ನ ಅತ್ತೆ ಮಲಗುತ್ತಾರೆ ಎಂದು ಸೊಸೆ ತಿಳಿದಿದ್ದಳು. ಅತ್ತೆ ಮಲಗುತ್ತಿರಲಿಲ್ಲ. ಮನೆಯೆಲ್ಲ ಬಿಕೋ ಎನ್ನುವ ಆ ಹೊತ್ತಿನಲ್ಲಿ ಶಾಲು ಹೊದ್ದು, ನೀರಿನ ಬಾಟಲಿ ಹಿಡಿದು, ಜೆಟ್ಟಿಯುದ್ದಕ್ಕೂ ನಡೆದುಹೋಗುತ್ತಿದ್ದರು. ತುದಿಯಲ್ಲಿ, ಕೋಣೆಯ ಹಿಂದೆ, ಮೆಟ್ಟಿಲಿಗೆ ಸರಪಳಿ ಕಟ್ಟಿ ಕಾವಲುಗಾರನನ್ನು ನಿಲ್ಲಿಸಿದ್ದರು. ಹೊರಗಿನವರು ಒಬ್ಬರೂ ಇಳಿಯಕೂಡದು ಎಂದು ಮೇಡಂ ಅವನಿಗೆ ಕಟ್ಟಪ್ಪಣೆ ಮಾಡಿದ್ದಳು. ಮೊದಲ ದಿನ ಅವನು ಎದ್ದು ನಿಂತು ತಡವರಿಸಿದ: "ಅಮ್ಮಾ, ಹೊರಗಿನವರಿಗೆ ಇಲ್ಲಿ..."

"ನಾನು ಹೊರಗಿನವಳೇನಪ್ಪಾ?" ಎಂದರು ಅತ್ತೆ.

ಮೇಡಂ ಅವರ ಅತ್ತೆಯನ್ನು ಹೊರಗಿನವರು ಎನ್ನುವಷ್ಟು ದಡ್ಡ ಅವನಲ್ಲ. ಸರಪಳಿ ಬಿಚ್ಚಿದ.

ಗಾಳಿಯ ಹೊಡೆತವಿಲ್ಲದ, ನೆರಳಿನ ಆ ಮೆಟ್ಟಿಲು ಅತ್ತೆಗೆ ತುಂಬಾ ಹಿಡಿಸಿತು. ಬೆನ್ನು ಆನಿಸಲು ಕಂಬಿ, ಕಂಬಿಗೊಂದು ಬಿಳಿ ಆಲಿಕೆ. ಅಲ್ಲಿ ಕೂತು ಅವರು ಸಮುದ್ರದ ಜೊತೆ ಮಾತಾಡುತ್ತಿದ್ದರು. ಮಾತೇನು, ದೂರು. ಇವಳು ಹೀಗೆಂದಳು, ಇವಳು ಹಾಗೆ ಬಾಗಿಲು ಹಾಕಿದಳು, ಇವಳಿಗೆ ನಾನು ಕುಡಿದ ಲೋಟ ಕಂಡರೆ ಆಗುವುದಿಲ್ಲ, ನನ್ನ ಮಗನಿಗೆ ಬಾಯಿಯೇ ಇಲ್ಲ. ತಗಡಿನ ಗೋಡೆಯ ಆ ಕಡೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಪಂಪಿನ ಗಡಗಡದ ನಡುವೆ ಸೊಸೆ ಪರದೆಯನ್ನೇ ದಿಟ್ಟಿಸಿಕೊಂಡು ಕೂತಿರುತ್ತಿದ್ದಳು. ಅವಳ ಮೇಲಿನ ಅಷ್ಟೂ ದೂರು ಆಲಿಕೆಯ ಮೂಲಕ, ಕೊಳವೆಯ ಮೂಲಕ, ಅವಳ ಮುಂದಿನ ಯಂತ್ರಕ್ಕೇ ಹೋಗಿ ಸೇರುತ್ತಿತ್ತು.

ಹೀಗೆ ಒಂದು ಮಧ್ಯಾಹ್ನ ಕೆಳಗಿನ ಮೂಗಿನ ಗೆರೆ ಮೇಲಿನ ಮೂಗಿನ ಗೆರೆಯನ್ನು ದಾಟಿತು.

ಸೊಸೆ ಮೊದಲು ನಂಬಲಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಿದಳು. ಗೆರೆ ಮತ್ತೂ ಏರಿತು. ಮರುದಿನವೂ ಅದೇ ಹೊತ್ತಿಗೆ ಏರಿತು. ಜೊತೆಗೆ ಐಸೋಪ್ರೀನ್ ಎಂಬ ಇನ್ನೊಂದು ಅನಿಲವೂ ತುಸು ಏರಿತ್ತು. ಸಮುದ್ರದ ಕಣ್ಣಿಗೆ ಕಾಣದ ಹಸಿರು ಜೀವಿಗಳು ಅದನ್ನು ಬಿಡುತ್ತವೆ. ಅಂದಮೇಲೆ ಇನ್ನೇನು ಬೇಕು, ಸಾಕ್ಷಿಗೆ ಸಾಕ್ಷಿ ಸಿಕ್ಕಿತು ಎಂದು ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನುಷ್ಯರ ಉಸಿರಿನಲ್ಲೂ ಐಸೋಪ್ರೀನ್ ಇರುತ್ತದೆ ಎಂಬುದು ಆ ವಿದ್ಯೆ ಕಲಿತ ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತಿತ್ತು, ಎಷ್ಟೋ ಜನಕ್ಕೆ ಪಾಠವನ್ನೂ ಹೇಳಿದ್ದಳು. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ.

ಅದೇ ವಾರ ಗಂಡ ಮೂಗು ಸಿಂಡರಿಸುತ್ತಾ ಹೇಳಿದ: "ಏ, ಅಮ್ಮನ ಹತ್ರ ಕೂತ್ರೆ ಏನೋ ಹಣ್ಣು ಕೊಳೆತ ವಾಸನೆ ಬರುತ್ತಲ್ಲೇ."

"ಬಾಳೆಹಣ್ಣು ಇರ್ಬೇಕು, ನೋಡ್ತೀನಿ" ಎಂದಳು ಸೊಸೆ. ಬಾಳೆಹಣ್ಣು ಚೆನ್ನಾಗಿಯೇ ಇದ್ದವು. ಆದರೂ ಅನುಮಾನಕ್ಕೆ ಎಡೆ ಬೇಡವೆಂದು ಬುಟ್ಟಿ ಸಮೇತ ಎಸೆದಳು. ಸಂಜೆ ಅತ್ತೆ ಖಾಲಿ ಜಾಗ ನೋಡಿ, "ನಾನು ತಿಂತೀನಿ ಅಂತ ಎಸೆದ್ಳಾ?" ಎಂದು ಮಗನನ್ನು ಕೇಳಿದರು. ಅವನು ಪೆನ್ಸಿಲು ಹೆರೆಯುತ್ತಾ ಕೂತ. ಮಾರನೆಯ ಮಧ್ಯಾಹ್ನ ಸಮುದ್ರ ಎಂದಿಗಿಂತ ಜೋರಾಗಿ ಉಸಿರು ಬಿಟ್ಟಿತು.

ನಿರ್ದೇಶಕರು ಕುಣಿದಾಡಿಬಿಟ್ಟರು. ಕೇಂದ್ರದ ಹಣೆಬರಹ ನಿರ್ಧರಿಸುವ ಸಮಿತಿಯನ್ನು ಮುಖ್ಯ ಕಚೇರಿಯಲ್ಲಿ ಕೂತೇ ವಿಡಿಯೋ ಸಭೆಗೆ ಕರೆದರು. ಸಮಿತಿಯಲ್ಲಿ ನಿವೃತ್ತ ಪ್ರೊಫೆಸರ್ ಒಬ್ಬರಿದ್ದರು. ಯಾರು ಏನು ಹೇಳಿದರೂ "ಯಾಕೆ?" ಎನ್ನುವುದು ಅವರ ಚಾಳಿಯಾದ್ದರಿಂದ ಎಲ್ಲರೂ ಅವರನ್ನು ಯಾಕೆ ಮೇಷ್ಟ್ರು ಎನ್ನುತ್ತಿದ್ದರು. ಅವರು ಪರದೆಗೆ ಮುಖ ಒತ್ತಿ ನೋಡಿ ಕೇಳಿದರು:

"ಅಲ್ಲಮ್ಮಾ, ಭಾನುವಾರ ಯಾಕೆ ಏನೂ ಇಲ್ಲ? ಸಮುದ್ರಕ್ಕೂ ಭಾನುವಾರ ರಜೆನಾ?"

ಭಾನುವಾರ ಮಗ ಮನೆಯಲ್ಲಿರುತ್ತಾನೆ, ಅತ್ತೆಗೆ ಸಮುದ್ರದ ಅವಶ್ಯಕತೆ ಇರುವುದಿಲ್ಲ ಎಂಬುದು ಸರಿಯುತ್ತರ. ಸೊಸೆ ಎರಡು ರಾತ್ರಿ ನಿದ್ದೆಗೆಟ್ಟು ಬೇರೊಂದು ಉತ್ತರ ತಂದಳು. ಭಾನುವಾರ ದೋಣಿಗಳು ಓಡುವುದಿಲ್ಲ. ದೋಣಿ ಓಡಿದರೆ ನೀರು ಕದಡುತ್ತದೆ, ಕದಡಿದ ನೀರಿನ ಮೇಲ್ಪದರ ಬಿಸಿಲಿಗೆ ಸಿಕ್ಕು ಅಸಿಟೋನ್ ಹುಟ್ಟುತ್ತದೆ. ದೋಣಿಯಿಲ್ಲ, ಕದಡಿಲ್ಲ, ಅಸಿಟೋನ್ ಇಲ್ಲ. ಅದಕ್ಕೆ ಮೂರು ಬಣ್ಣದ ಚಿತ್ರವನ್ನೂ ಬರೆಸಿದಳು, ಗಂಡನೇ ಬರೆದುಕೊಟ್ಟ.

"ಅದ್ಭುತ" ಎಂದರು ನಿರ್ದೇಶಕರು. "ಯಾಕೋ ಅದ್ಭುತಾನೇ ಆಯ್ತಲ್ಲ" ಎಂದರು ಯಾಕೆ ಮೇಷ್ಟ್ರು. ಸಮಿತಿ ಖುದ್ದಾಗಿ ಬಂದು ನೋಡುವುದೆಂದು ತೀರ್ಮಾನವಾಯಿತು. ಅವರು ಒಪ್ಪಿದರೆ ಕೇಂದ್ರ ಉಳಿಯುತ್ತದೆ, ಇನ್ನೊಂದು ಕಂಬವೂ ಬರುತ್ತದೆ.

ಈಗ ಮನೆಯ ಕಡೆ ನೋಡಿದರೆ, ಅತ್ತೆ ಬಡವಾಗುತ್ತಿದ್ದರು. ಶಾಲು ದೊಡ್ಡದಾಗಿ ಕಾಣುತ್ತಿತ್ತು. ಕೊಡಗಟ್ಟಲೆ ನೀರು ಕುಡಿಯುತ್ತಿದ್ದರು. ಸೊಸೆ ಗಮನಿಸಲಿಲ್ಲವೆಂದಲ್ಲ, ನೀರಿನ ಕ್ಯಾನು ಬೇಗ ಖಾಲಿಯಾಗುತ್ತಿರುವುದನ್ನು ಗಮನಿಸಿದ್ದಳು. ನೂರು ಕೋಟಿಯಲ್ಲಿ ಒಂದು ಪಾಲನ್ನು ಪತ್ತೆ ಹಚ್ಚುವವಳಿಗೆ ಎದುರಿಗೆ ಕೂತು ಉಣ್ಣುವವರ ಮುಖ ಕಾಣಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಇವಳ ಕೂಸು ಕಂಕುಳಲ್ಲಿ ಕೂತು ಮಾತು ಬಿಟ್ಟಿತ್ತು, ಅಷ್ಟೇ ವ್ಯತ್ಯಾಸ.

ಸಮಿತಿಯವರಿಗೆ ಊಟ ಮನೆಯಲ್ಲೇ ಎಂದು ಗೊತ್ತಾದ ಮೇಲೆ ಸೊಸೆ ಅಡುಗೆಮನೆಯಲ್ಲಿ ಗಂಡನಿಗೆ ಪಿಸುಗುಟ್ಟಿದಳು: "ನಾಲ್ಕು ದಿನ ನಿಮ್ಮ ತಂಗಿ ಮನೆಗೆ ಹೋಗಿ ಬರೋಕೆ ಹೇಳ್ತೀರಾ? ಇರೋದು ಒಂದೇ ರೂಮು. ಹೊರಗಿನವರು ಬರ್ತಾರೆ, ಓಡಾಡೋಕೂ ಜಾಗ ಬೇಡ್ವಾ?"

ಪಿಸುಮಾತು ಸಣ್ಣ ಮನೆಯಲ್ಲಿ ಕೂಗಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಅತ್ತೆ ಬಾಗಿಲಿಗೆ ಬಂದು ನಿಂತರು. ಎಷ್ಟೋ ವಾರಗಳ ನಂತರ ನೇರವಾಗಿ ಅವಳ ಮುಖ ನೋಡಿ ಮಾತಾಡಿದರು.

"ಹೊರಗಿನವರು ಬರ್ತಾರೆ ಅಂತ ಮನೆಯವರನ್ನ ಹೊರಗೆ ಕಳಿಸ್ತೀಯೇನಮ್ಮಾ?"

ಗಂಡ ಕೈಯಲ್ಲಿದ್ದ ಲೋಟವನ್ನು ಮೂರನೆಯ ಸಲ ತೊಳೆದ. ಅತ್ತೆ ಎಲ್ಲಿಗೂ ಹೋಗಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ಔಷಧ ಪೂರ್ತಿಯಾಗಿ ಬಚ್ಚಲಿನ ಪಾಲಾಯಿತು. ಮೆಟ್ಟಿಲ ಮೇಲೆ ಮಾತ್ರ ದೂರು ಹಿಂದೆಂದಿಗಿಂತ ಉದ್ದವಾಯಿತು, ಗೆರೆ ಹಿಂದೆಂದಿಗಿಂತ ಮೇಲೇರಿತು. "ಸಮಿತಿ ಬರೋದು ಸಮುದ್ರಕ್ಕೂ ಗೊತ್ತಾಗಿದೆ ಅನ್ಸುತ್ತೆ" ಎಂದು ಸೊಸೆ ಫೋನಿನಲ್ಲಿ ನಿರ್ದೇಶಕರಿಗೆ ತಮಾಷೆ ಮಾಡಿದಳು.

ಸಮಿತಿ ಬಂತು. ಊಟದ ಹೊತ್ತಿಗೆ ಅತ್ತೆ ಮನೆಯಲ್ಲಿರಲಿಲ್ಲ. ಒಳ್ಳೆಯದೇ ಆಯಿತು, ಪಕ್ಕದ ಮನೆಗೆ ಹೋಗಿರಬೇಕು ಎಂದುಕೊಂಡಳು ಸೊಸೆ. ಊಟ ಮುಗಿಸಿ ಎಲ್ಲರೂ ತಗಡಿನ ಕೋಣೆಯಲ್ಲಿ ಒತ್ತೊತ್ತಾಗಿ ನಿಂತರು. ಪರದೆಯ ಮೇಲೆ ಕೆಳಗಿನ ಮೂಗಿನ ಗೆರೆ ಆಗಲೇ ಏರಿ ಕೂತಿತ್ತು, ಎಲ್ಲರೂ ನೋಡುತ್ತಿದ್ದಂತೆ ಇನ್ನೂ ಏರಿತು. ಕೊನೆಗೆ ಚಿತ್ರದ ಚೌಕಟ್ಟನ್ನೇ ದಾಟಿ ಹೋಯಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಸೊಸೆಯ ಕಣ್ಣು ತುಂಬಿ ಬಂತು. ಒಂದು ವರ್ಷದ ಅವಮಾನವೆಲ್ಲ ಆ ಗೆರೆಯ ಜೊತೆ ಮೇಲಕ್ಕೆ ಹಾರಿಹೋಯಿತು ಎನಿಸಿತು.

ಯಾಕೆ ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. "ಇವತ್ತು ಯಾಕಮ್ಮಾ ಇಷ್ಟೊಂದು? ಸರಿ, ನಡೀರಿ, ಆ ಕೆಳಗಿನ ಮೂಗನ್ನ ಒಂದ್ಸಲ ನೋಡೋಣ."

ಹೊರಗೆ ಕಾವಲುಗಾರ ನೆಟ್ಟಗೆ ನಿಂತಿದ್ದ. "ಇಲ್ಲಿ ಯಾರಾದ್ರೂ ಇಳೀತಾರೇನಪ್ಪಾ?" ಎಂದು ಮೇಷ್ಟ್ರು ಕೇಳಿದರೆ, "ಹೊರಗಿನವರು ಒಬ್ಬರೂ ಇಳಿದಿಲ್ಲ ಸಾರ್" ಎಂದು ಎದೆಯುಬ್ಬಿಸಿ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಕೆಳಗೆ ಅತ್ತೆ ಇದ್ದರು. ಕಂಬಿಗೆ ಒರಗಿ, ಕೆನ್ನೆಯನ್ನು ಬಿಳಿ ಆಲಿಕೆಗೆ ಆನಿಸಿ, ಕಣ್ಣು ಮುಚ್ಚಿದ್ದರು. ನೀರಿನ ಬಾಟಲಿ ಮೆಟ್ಟಿಲ ಮೇಲೆ ಉರುಳಿತ್ತು. ಉಸಿರು ಮಾತ್ರ ಜೋರಾಗಿ, ಹೊಟ್ಟೆಯ ಆಳದಿಂದ ಎಳೆದೆಳೆದು ಬರುತ್ತಿತ್ತು. ಸೊಸೆಗೆ ಮೊದಲು ಹೊಳೆದದ್ದು ಅತ್ತೆಯಲ್ಲ, ತನ್ನ ಅಂಕಿಅಂಶ. ಅಯ್ಯೋ, ಇವತ್ತಿನದೆಲ್ಲ ಹಾಳಾಯಿತಲ್ಲ ಎಂದುಕೊಂಡಳು. ಆ ಒಂದು ಯೋಚನೆಗಾಗಿ ಅವಳು ಆಮೇಲೆ ತನ್ನನ್ನು ತಾನು ಎಷ್ಟೋ ದಿನ ಕ್ಷಮಿಸಿಕೊಳ್ಳಲಿಲ್ಲ.

ಎಬ್ಬಿಸಲೆಂದು ಬಗ್ಗಿದಳು. ಎಷ್ಟೋ ತಿಂಗಳ ನಂತರ ಆ ಮುಖಕ್ಕೆ ಅಷ್ಟು ಹತ್ತಿರ ಹೋಗಿದ್ದಳು. ಅತ್ತೆಯ ಬಾಯಿಂದ ಬಂದ ಗಾಳಿ ಮುಖಕ್ಕೆ ತಾಕಿತು. ಸಿಹಿಯಾದ, ಕೊಳೆತ ಹಣ್ಣಿನಂಥ, ಉಗುರಿನ ಬಣ್ಣ ಅಳಿಸುವ ಬಾಟಲಿಯಂಥ ವಾಸನೆ. ಆ ವಾಸನೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿರಲಿಲ್ಲ. ಬಾಳೆಹಣ್ಣು, ಭಾನುವಾರ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನವೇ ಏರುತ್ತಿದ್ದ ಗೆರೆ, ಎಲ್ಲವೂ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕೂತವು. ಮೈಗೆ ಇನ್ಸುಲಿನ್ ಸಿಗದಿದ್ದರೆ ಅದು ಕೊಬ್ಬನ್ನು ಸುಟ್ಟುಕೊಳ್ಳುತ್ತದೆ, ಸುಟ್ಟದ್ದು ಉಸಿರಿನಲ್ಲಿ ಅಸಿಟೋನ್ ಆಗಿ ಹೊರಬರುತ್ತದೆ. ಇದೂ ಅವಳಿಗೆ ಗೊತ್ತಿದ್ದ ವಿಷಯವೇ.

"ಅತ್ತೆ," ಎಂದಳು. ಭುಜ ಅಲುಗಿಸಿದಳು. "ಅತ್ತೆ, ಇಂಜೆಕ್ಷನ್ ತಗೊಂಡ್ರಾ?"

ಅತ್ತೆ ಅರ್ಧ ಕಣ್ಣು ತೆರೆದರು. ನಾಲಿಗೆ ಒಣಗಿ ಹೋಗಿತ್ತು, ಆದರೂ ಅದಕ್ಕೆ ತನ್ನ ಕೆಲಸ ಮರೆತಿರಲಿಲ್ಲ. "ನಿನ್ನ ಯಂತ್ರಾನೇ ಕೇಳು" ಎಂದರು.

ಸೊಸೆ ಮೆಟ್ಟಿಲು ಹತ್ತಿ ಓಡಿದಳು. ಕೋಣೆಯಲ್ಲಿ ಗ್ಯಾಸ್ ಸಿಲಿಂಡರ್ ಸಾಗಿಸುವ ಕೈಗಾಡಿಯೊಂದಿತ್ತು, ಅದನ್ನು ಎಳೆದು ತಂದಳು. ಅವಳೂ ಕಾವಲುಗಾರನೂ ಅತ್ತೆಯನ್ನು ಹೊತ್ತು ತಂದು ಅದರಲ್ಲಿ ಕೂರಿಸಿದರು, ಬೀಳದಂತೆ ಮೇಷ್ಟ್ರು ತಮ್ಮ ಕೋಟಿನ ಬೆಲ್ಟು ಬಿಚ್ಚಿ ಕಟ್ಟಿದರು. ಜೆಟ್ಟಿಯುದ್ದಕ್ಕೂ ಕೈಗಾಡಿ ದಡಬಡ ಓಡಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಕೆಳಗಿನ ಮೂಗಿನ ಗೆರೆ ಆಗ ಮೆಲ್ಲಗೆ ಇಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಹೇಳಲಾಗದು, ಬೆಳಗಾಗಲಿ ನೋಡೋಣ ಎಂದರು ವೈದ್ಯರು. ಗಂಡ ಬಂದು ಪಕ್ಕದಲ್ಲಿ ಕೂತ. ಎಲ್ಲವನ್ನೂ ಕೇಳಿಸಿಕೊಂಡು, "ವಾಸನೆ ಬರುತ್ತೆ ಅಂತ ನಾನು ಹೇಳಿದ್ದೆ" ಎಂದ. ಆಮೇಲೆ, "ಇನ್ನೊಂದ್ಸಲ ಹೇಳ್ಬೇಕಾಗಿತ್ತು" ಎಂದು ಸೇರಿಸಿದ. ಅವಳು ಅವನ ತೋಳಿಗೆ ಹಣೆ ಒತ್ತಿ ಅತ್ತಳು.

ಅತ್ತೆಯ ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾದ ಬೆಳಿಗ್ಗೆಯೇ ನಿರ್ದೇಶಕರ ಫೋನು ಬಂತು. ಕುಶಲ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ನೋಡಮ್ಮಾ, ಏನೂ ಹಾಳಾಗಿಲ್ಲ. ಆ ಒಂದು ದಿನ ಯಾರೋ ಹೊರಗಿನವರು ಅಲ್ಲಿಗೆ ನುಗ್ಗಿದ್ರು ಅಂತ ಒಂದು ಸಾಲು ಬರೆದುಬಿಡು. ಆ ದಿನದ್ದನ್ನ ತೆಗೆದುಹಾಕು. ಉಳಿದಿದ್ದೆಲ್ಲ ನಿಲ್ಲುತ್ತೆ, ಕೇಂದ್ರಾನೂ ಉಳಿಯುತ್ತೆ. ಕಾವಲುಗಾರನ್ನ ಬದಲಾಯಿಸಿದ್ರಾಯ್ತು."

"ಸಾರ್, ಒಂದು ದಿನ ಅಲ್ಲ. ಅವರು ದಿನಾ ಬರ್ತಿದ್ರು. ಸಮುದ್ರ ಏನೂ ಕೊಟ್ಟಿಲ್ಲ ಸಾರ್, ಅಷ್ಟೂ ನಮ್ಮತ್ತೆ ಕೊಟ್ಟಿದ್ದು."

"ಮನೆ ವಿಷಯಾನ ಆಫೀಸ್ ಕೆಲಸದ ಜೊತೆ ಸೇರಿಸಬಾರದಮ್ಮಾ."

"ಸೇರಿ ಆಗಲೇ ಎಷ್ಟೋ ದಿನ ಆಯ್ತಲ್ಲ ಸಾರ್" ಎಂದಳು ಸೊಸೆ.

"ಯೋಚನೆ ಮಾಡು" ಎಂದು ನಿರ್ದೇಶಕರು ಫೋನಿಟ್ಟರು. ಅವಳು ಯೋಚನೆ ಮಾಡಿದಳು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಸಾಲು ಬರೆದರೆ ಪಂಪಿನ ಗಡಗಡ ಉಳಿಯುತ್ತದೆ, ಹೊಸ ಕಂಬ ಬರುತ್ತದೆ. ಅತ್ತೆಯನ್ನು ಒಂದು ದಿನದ ಮಟ್ಟಿಗೆ ಹೊರಗಿನವರು ಎಂದರೆ ಸಾಕು. ಅಡುಗೆಮನೆಯಲ್ಲಿ ಒಂದು ಸಲ ಆಗಲೇ ಅಂದ ಹಾಗೂ ಆಗಿದೆ.

ಅತ್ತೆ ಮನೆ ಸೇರಿದ ಮೇಲೆ ಮೊದಲ ಕೆಲವು ದಿನ ಮಗನೇ ಸೂಜಿ ಹಾಕಿದ, ಕಣ್ಣು ಮುಚ್ಚಿಕೊಂಡು. ಅತ್ತೆ "ಅಯ್ಯೋ, ಕೊಂದೆಯಲ್ಲೋ" ಎನ್ನುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ದಿನ ಅವನು ಬೇಗ ಹೊರಟುಹೋಗಿದ್ದ. ಅವಳು ಸಿರಿಂಜು ತುಂಬಿಸಿಕೊಂಡು ಬಂದು ಮಂಚದ ಅಂಚಿಗೆ ಕೂತಳು. ಅತ್ತೆ ಗೋಡೆ ನೋಡುತ್ತಾ ಕೂತಿದ್ದರು, ಕೈ ಶಾಲಿನೊಳಗೇ ಇತ್ತು.

"ಇವತ್ತು ನಿನ್ನ ಯಂತ್ರ ಕಾಯಲ್ವಾ?"

"ಕಾಯೋಕೆ ಏನಿಲ್ಲ ಅತ್ತೆ. ಮುಚ್ಚೋಕೆ ಆರ್ಡರ್ ಬಂದಿದೆ. ಮುಂದಿನ ತಿಂಗಳು ಬಿಚ್ಚಿ ತಗೊಂಡು ಹೋಗ್ತಾರೆ."

ಅತ್ತೆ ತಿರುಗಿ ನೋಡಿದರು. "ಯಾಕೆ? ಸಮುದ್ರ ಕೊಡುತ್ತೆ ಅಂತ ಅಷ್ಟು ಜನ ಬಂದು ಚಪ್ಪಾಳೆ ಹೊಡೆದ್ರಂತೆ?"

"ಕೊಡಲ್ಲ ಅತ್ತೆ. ತಗೊಳ್ಳುತ್ತೆ."

"ಅದು ನಂಗೊತ್ತು. ನಾನು ಹೇಳಿದ್ದನ್ನೆಲ್ಲ ತಗೊಂಡ್ತು, ಒಂದಕ್ಕಾದ್ರೂ ಉತ್ತರ ಕೊಡ್ತಾ?"

ಸೊಸೆಗೆ ನಗುವೂ ಬಂತು, ಭಯವೂ ಆಯಿತು. "ಅಷ್ಟು ದಿನ ಏನು ಹೇಳ್ತಿದ್ರಿ ಅದಕ್ಕೆ?"

"ಇನ್ನೇನು, ನಿನ್ನ ವಿಷಯಾನೇ. ಅಷ್ಟು ದೊಡ್ಡ ಯಂತ್ರ, ಅದು ಬರ್ಕೊಂಡಿಲ್ವಾ?"

"ಅದಕ್ಕೆ ಕಿವಿ ಇಲ್ಲ ಅತ್ತೆ. ಬರೀ ಮೂಗು."

"ಅದನ್ನ ಇಟ್ಕೊಂಡವರ ಥರಾನೇ" ಎಂದರು ಅತ್ತೆ. ಸೊಸೆ ತಲೆ ತಗ್ಗಿಸಿ ಸಿರಿಂಜನ್ನೇ ನೋಡುತ್ತಾ ಕೂತಳು. ಅತ್ತೆಯೇ ಮತ್ತೆ ಕೇಳಿದರು, ಈ ಸಲ ದನಿ ತುಸು ತಗ್ಗಿತ್ತು.

"ಆಫೀಸಿನವರಿಗೆ ಏನಂತ ಬರೆದೆ? ಯಾರೋ ಹೊರಗಿನ ಮುದುಕಿ ಬಂದು ಹಾಳು ಮಾಡಿದ್ಳು ಅಂತಾನಾ?"

"ಹಾಗೆ ಬರೀ ಅಂದ್ರು. ಬರೆದಿದ್ರೆ ಮುಚ್ತಿರ್ಲಿಲ್ಲ."

"ಮತ್ತೆ?"

"ದಿನಾ ಬರ್ತಿದ್ರು ಅಂತ ಬರೆದೆ. ನಮ್ಮ ಮನೆಯವರು ಅಂತ ಬರೆದೆ."

ಅತ್ತೆ ಹೊರಗೆ ನೋಡಿದರು. ಕಿಟಕಿಯಾಚೆ ಜೆಟ್ಟಿ ಕಾಣುತ್ತಿತ್ತು, ಅದರ ತುದಿಯಲ್ಲಿ ತಗಡಿನ ಕೋಣೆ, ಕೋಣೆಯ ಸುತ್ತ ಯಾರು ಏನು ಕೊಟ್ಟರೂ ತೆಗೆದುಕೊಂಡು ಸುಮ್ಮನಿರುವ ನೀರು. ಅವರು ಒಮ್ಮೆ ಕೆಮ್ಮಿ, ಕನ್ನಡಕ ಸರಿಪಡಿಸಿಕೊಂಡು, ಶಾಲಿನೊಳಗಿಂದ ಕೈ ತೆಗೆದು ಸೊಸೆಯ ಮಡಿಲ ಮೇಲೆ ಇಟ್ಟರು.

"ಬಿಗಿ ಹಿಡೀಬೇಡ, ನೋಯುತ್ತೆ" ಎಂದರು. "ನಿಧಾನಕ್ಕೆ ಮಾಡು. ಇವತ್ತು ಪಕ್ಕದ ಮನೆಯವಳ ಸುದ್ದಿ ಇನ್ನೂ ಹೇಳಿಲ್ಲ ನಿಂಗೆ."